ಪುಟ್ಟ ರೈಲಿಗೆ ತಂತಿ ಎಳೆಯುವ ಮುನ್ನ

(ಅಂತಿಮ ಬಿ.ಎ.)

ಈ ವರ್ಷ ನಮ್ಮ ಕಾಲೇಜಿನಲ್ಲಿ ನಡೆದ ವಸ್ತುಪ್ರದರ್ಶನವನ್ನು ನೋಡಿದವರಿಗೆ ಭೌತಶಾಸ್ತ್ರದ ಪ್ರಯೋಗಶಾಲೆಯ ಪಕ್ಕದ ಕೊಠಡಿಯಲ್ಲಿ ಓಡುತ್ತಿದ್ದ ಪುಟ್ಟ ರೈಲು ನೆನಪಿರಬಹುದು. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆ. ಅದರ ಮೇಲೆ ಅಂಡಾಕಾರದ ಹಳಿ. ಒಂದು ನಿಲ್ದಾಣ, ಒಂದು ಲೂಪ್ ಲೈನು, ಒಂದು ಸೈಡಿಂಗು, ನಡುವೆ ಹಾಯ್ದುಹೋಗುವ ಒಂದು ಓರೆದಾರಿ. ಮಕ್ಕಳೂ ದೊಡ್ಡವರೂ ಅದನ್ನು ನೋಡಿ ಸಂತೋಷಪಟ್ಟರು. ಆದರೆ ಹಲಗೆಯ ಕೆಳಗೆ ಬಗ್ಗಿ ನೋಡಿದವರು ಇಬ್ಬರೇ. ಒಬ್ಬರು ನಮ್ಮ ಭೌತಶಾಸ್ತ್ರದ ಅಧ್ಯಾಪಕರು. ಇನ್ನೊಬ್ಬರು ನನ್ನ ತಂದೆ. ಈ ಲೇಖನವು ಆ ಹಲಗೆಯ ಕೆಳಗಿನ ಸಂಗತಿಯನ್ನು ಕುರಿತದ್ದು.

ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿ. ವಿದ್ಯುತ್ತಿನ ವಿಷಯದಲ್ಲಿ ಬರೆಯಲು ನನಗೇನು ಅಧಿಕಾರ ಎಂದು ವಾಚಕರು ಕೇಳಬಹುದು. ತಪ್ಪು ಮಾಡಿ, ಅದಕ್ಕೆ ಬೆಲೆ ತೆತ್ತು ಕಲಿತವನೆಂಬುದೊಂದೇ ನನ್ನ ಅಧಿಕಾರ. ಮುಂದೆ ಇಂಥ ಕೆಲಸಕ್ಕೆ ಕೈಹಾಕುವ ಕಿರಿಯರು ಅದೇ ಹಳ್ಳಕ್ಕೆ ಬೀಳದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಹಳಿಯೇ ತಂತಿ

ಮೊದಲು ಪುಟ್ಟ ರೈಲು ಓಡುವ ಬಗೆಯನ್ನು ತಿಳಿಯೋಣ. ನಮ್ಮ ರೈಲು ‘ಎಚ್.ಓ.’ ಎಂಬ ಅಳತೆಯದು. ನಿಜವಾದ ರೈಲಿನ ೮೭ ಅಡಿ ಇಲ್ಲಿ ಒಂದು ಅಡಿ. ಎರಡು ಹಳಿಗಳ ನಡುವಿನ ಅಂತರ ೧೬.೫ ಮಿಲಿಮೀಟರು. ಇದನ್ನು ೮೭ರಿಂದ ಗುಣಿಸಿದರೆ ೧೪೩೫ ಮಿಲಿಮೀಟರು, ಅಂದರೆ ಯೂರೋಪು, ಅಮೆರಿಕಗಳ ಸಾಮಾನ್ಯ ರೈಲುದಾರಿಯ ಅಗಲ, ಬರುತ್ತದೆ. ನಮ್ಮ ದೇಶದ ಬ್ರಾಡ್‌ಗೇಜು ೧೬೭೬ ಮಿಲಿಮೀಟರು. ಆದುದರಿಂದ ಈ ಆಟದ ಹಳಿ ನಮ್ಮ ಕಣ್ಣಿಗೆ ಸ್ವಲ್ಪ ಇಕ್ಕಟ್ಟಾಗಿ ಕಂಡರೆ ಆಶ್ಚರ್ಯವಿಲ್ಲ.

ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಚಿಕ್ಕ ಮೋಟಾರು ಇದೆ. ಅದಕ್ಕೆ ೧೨ ವೋಲ್ಟಿನ ನೇರ ವಿದ್ಯುತ್ತು, ಎಂದರೆ ಡಿ.ಸಿ., ಬೇಕು. ಮನೆಯ ೨೩೦ ವೋಲ್ಟಿನ ವಿದ್ಯುತ್ತನ್ನು ಪವರ್ ಪ್ಯಾಕ್ ಎಂಬ ಪೆಟ್ಟಿಗೆಯು ಇಳಿಸಿ, ಡಿ.ಸಿ. ಮಾಡಿ ಎರಡು ಹಳಿಗಳಿಗೆ ಕೊಡುತ್ತದೆ. ಒಂದು ಹಳಿ ಧನ, ಇನ್ನೊಂದು ಋಣ. ವಿದ್ಯುತ್ತು ಒಂದು ಹಳಿಯಿಂದ ಚಕ್ರದ ಮೂಲಕ ಮೋಟಾರಿಗೆ ಹೋಗಿ, ಎದುರು ಬದಿಯ ಚಕ್ರದ ಮೂಲಕ ಇನ್ನೊಂದು ಹಳಿಗಿಳಿದು, ಪೆಟ್ಟಿಗೆಗೆ ಹಿಂತಿರುಗುತ್ತದೆ. ಇದಕ್ಕಾಗಿಯೇ ಒಂದೇ ಅಚ್ಚಿನ ಎರಡು ಚಕ್ರಗಳು ಲೋಹದವಾದರೂ ಅವುಗಳ ನಡುವೆ ಸಂಬಂಧವಿಲ್ಲದಂತೆ ಪ್ಲಾಸ್ಟಿಕ್ಕಿನ ತಡೆ ಇಟ್ಟಿರುತ್ತಾರೆ. ವೋಲ್ಟು ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ. ಧನವನ್ನು ಋಣವಾಗಿಯೂ ಋಣವನ್ನು ಧನವಾಗಿಯೂ ಬದಲಿಸಿದರೆ ರೈಲು ಹಿಂದಕ್ಕೆ ಚಲಿಸುತ್ತದೆ. ಇಲ್ಲಿ ಹಳಿಯು ದಾರಿಯೂ ಹೌದು, ತಂತಿಯೂ ಹೌದು. ಮುಂದಿನ ಎಲ್ಲ ಅನುಕೂಲವೂ ಎಲ್ಲ ತೊಡಕೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಮೊದಲಿನಿಂದಲೂ ಹೀಗಿರಲಿಲ್ಲ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು ೧೮೯೧ರಲ್ಲಿ ಲೈಪ್ಜಿಗ್ ನಗರದ ಮೇಳದಲ್ಲಿ ಆಟದ ರೈಲಿನ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ಮುಂದಿಟ್ಟಿತು. ಇಂಗ್ಲೆಂಡಿನಲ್ಲಿ ಮೆಕ್ಯಾನೋ ಆಟಿಕೆಯನ್ನು ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿಯ ಸಂಸ್ಥೆ ೧೯೨೦ರಲ್ಲಿ ರೈಲುಗಳನ್ನು ಹೊರತಂದಾಗ ಅವು ಗಡಿಯಾರದಂತೆ ಕೀಲಿಕೊಟ್ಟು ಓಡಿಸುವವಾಗಿದ್ದವು. ೧೯೩೮ರಲ್ಲಿ ಬಂದ ‘ಹಾರ್ನ್‌ಬಿ ಡಬ್ಲೋ’ ಎಂಬ ವಿದ್ಯುತ್ ರೈಲಿಗೆ ಎರಡು ಹಳಿಗಳಲ್ಲದೆ ನಡುವೆ ಮೂರನೆಯದೊಂದು ಹಳಿ ಇತ್ತು; ವಿದ್ಯುತ್ತು ನಡುವಿನ ಹಳಿಯಿಂದ ಬಂದು ಅಂಚಿನ ಹಳಿಗಳಿಂದ ಹಿಂತಿರುಗುತ್ತಿತ್ತು. ಅದು ಎರಡು ಹಳಿಯ ಪದ್ಧತಿಗೆ ಬಂದದ್ದು ೧೯೫೯ರಲ್ಲಿ. ಮೂರು ಹಳಿ ನೋಡಲು ಚೆನ್ನಾಗಿರಲಿಲ್ಲ. ಆದರೆ ಅದರಲ್ಲಿ ದೊಡ್ಡದೊಂದು ಸುಖವಿತ್ತು. ಹಳಿಯನ್ನು ಹೇಗೆ ಸುತ್ತಿಸಿದರೂ ಎಡದ ಅಂಚು ಬಲದ ಅಂಚಿಗೆ ತಾಗಿದರೆ ಬಾಧಕವಿಲ್ಲ, ಎರಡೂ ಒಂದೇ. ಎರಡು ಹಳಿಯ ಪದ್ಧತಿಯಲ್ಲಿ ಈ ಸುಖವಿಲ್ಲ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ನಮ್ಮ ತಪ್ಪು

ಊರಿನ ನಿವೃತ್ತ ರೈಲ್ವೆ ಅಧಿಕಾರಿಯೊಬ್ಬರು ತಮ್ಮ ಮೊಮ್ಮಕ್ಕಳು ಆಡಿ ಬಿಟ್ಟಿದ್ದ ಹಳಿ, ಎಂಜಿನ್, ಡಬ್ಬಿಗಳನ್ನು ಕಾಲೇಜಿಗೆ ಕೊಟ್ಟರು. ಪವರ್ ಪ್ಯಾಕ್ ಮಾತ್ರ ಅದರಲ್ಲಿರಲಿಲ್ಲ. ನಾವು ನಾಲ್ವರು ಗೆಳೆಯರು ಹಣ ಕೂಡಿಸಿ ಒಂದನ್ನು ಕೊಂಡೆವು. ನನ್ನ ಪಾಲಿನ ಹಣ ಪರೀಕ್ಷೆಯ ಶುಲ್ಕಕ್ಕೆಂದು ತಂದೆಯವರು ಕೊಟ್ಟದ್ದು. ಶುಲ್ಕ ಕಟ್ಟಲು ಇನ್ನೂ ದಿನಗಳಿವೆ, ಅಷ್ಟರಲ್ಲಿ ಹೇಗಾದರೂ ಹೊಂದಿಸಬಹುದು ಎಂದುಕೊಂಡೆ. ಮನೆಯಲ್ಲಿ ಹೇಳಲಿಲ್ಲ.

ಪ್ರದರ್ಶನಕ್ಕೆ ಇನ್ನೂ ಒಂದು ತಿಂಗಳಿತ್ತು. ಒಂದು ಭಾನುವಾರ ಉತ್ಸಾಹದಿಂದ ಹಲಗೆಯ ಮೇಲೆ ಹಳಿಗಳನ್ನು ಹರಡಿ, ಚೆನ್ನಾಗಿ ಕಂಡಂತೆ ಜೋಡಿಸಿ, ಮೊಳೆ ಹೊಡೆದು, ಅಂಟು ಹಾಕಿ ಸಣ್ಣ ಜಲ್ಲಿಯನ್ನೂ ಉದುರಿಸಿಬಿಟ್ಟೆವು. ಅಂಡಾಕಾರದ ಸುತ್ತಿನೊಳಗೆ ಮೂಲೆಯಿಂದ ಮೂಲೆಗೆ ಒಂದು ಓರೆದಾರಿ ಇದ್ದರೆ ರೈಲು ಅದರ ಮೂಲಕ ಬಂದು ಮುಖ ತಿರುಗಿಸಿಕೊಂಡು ಎದುರು ದಿಕ್ಕಿಗೆ ಓಡುತ್ತದೆ ಎಂಬುದು ನನ್ನದೇ ಸಲಹೆ. ತಂತಿಯ ವಿಚಾರವನ್ನು ಕೊನೆಗಿಟ್ಟೆವು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೆಂಪು ಬಣ್ಣದ ಒಂದೇ ಸುರುಳಿ ತಂದು, ಹೊಳೆದಲ್ಲೆಲ್ಲ ತೂತು ಕೊರೆದು ಹಳಿಗೆ ಕಟ್ಟಿದೆವು. ಸಂಜೆ ಸ್ವಿಚ್ಚು ಹಾಕಿದಾಗ ರೈಲು ಒಂದಿಂಚೂ ಕದಲಲಿಲ್ಲ. ತಂತಿ ಸಾಲದೇನೋ ಎಂದು ಇನ್ನೆರಡು ಕಡೆ ಕಟ್ಟಿದೆವು. ಪೆಟ್ಟಿಗೆ ತಾನಾಗಿ ನಿಂತಿತು, ಮತ್ತೆ ಹಾಕಿದೆವು, ಮತ್ತೆ ನಿಂತಿತು, ಮತ್ತೆ ಹಾಕಿದೆವು. ನಾಲ್ಕನೆಯ ಸಲ ಸುಟ್ಟ ವಾಸನೆ ಬಂತು. ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ. ಅದು ಮತ್ತೆ ಏಳಲಿಲ್ಲ.

ಪೆಟ್ಟಿಗೆ ತಾನಾಗಿ ನಿಂತದ್ದು ನಮ್ಮನ್ನು ಎಚ್ಚರಿಸಲೆಂದು. ನಾವು ಅದನ್ನು ಹಟವೆಂದು ತಿಳಿದೆವು.

ನನ್ನ ತಂದೆಯವರು ಬೀರೂರಿನ ಕಡೆ ರೈಲ್ವೆಯ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಕೆಲಸ ಮಾಡುವವರು. ಶಾಲೆಯಲ್ಲಿ ನಾಲ್ಕನೆಯ ತರಗತಿ ದಾಟಿದವರಲ್ಲ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಡೆ ನಾನು ‘ರೈಲ್ವೆ ನೌಕರ’ ಎಂದಷ್ಟೇ ಬರೆದು, ಮುಂದಿನದನ್ನು ಯಾರೂ ಕೇಳದಿರಲೆಂದು ಬಯಸಿದವನು. ಮರುದಿನ ಅವರಿಗೆ ಹಣದ ವಿಷಯವನ್ನು ಹೇಳಲೇಬೇಕಾಯಿತು. ಅವರು ಬಯ್ಯಲಿಲ್ಲ. “ಎಲ್ಲಿ, ಆ ರೈಲು ತೋರ್ಸು ಬಾ” ಎಂದರು. ಕೊಠಡಿಗೆ ಕರೆತಂದೆ. ಹಲಗೆಯ ಸುತ್ತ ಒಮ್ಮೆ ನಡೆದು, ಓರೆದಾರಿಯ ಬಳಿ ಕುಕ್ಕರಗಾಲಲ್ಲಿ ಕೂತು, ಒಂದು ಹಳಿಯ ಮೇಲೆ ಬೆರಳಿಟ್ಟು ಸರಿಸುತ್ತ ಹೋದರು. ಆ ಬೆರಳು ಸುತ್ತಿನ ಒಳಹಳಿಯಿಂದ ಹೊರಟು, ಓರೆದಾರಿಯಲ್ಲಿ ಸಾಗಿ, ಆಚೆ ಬದಿಯಲ್ಲಿ ಸುತ್ತಿನ ಹೊರಹಳಿಗೆ ಸೇರಿತು.

“ಇದ್ಯಾಕೆ ಮಗಾ, ಎರ್ಡು ಹಳೀನೂ ಒಂದಕ್ಕೊಂದು ಕೂಡಿಸ್ಬುಟ್ಟಿದ್ದೀಯ? ನಮ್ಮ ಟೇಸನ್ನಾಗೆ ಹಾರೆ ಎರ್ಡು ಹಳಿಗೂ ಅಡ್ಡ ಬಿದ್ರೆ ಸಿಗ್ನಲ್ಲು ಕೆಂಪಾಯ್ತದೆ. ಇಲ್ಲಿ ನೀನು ಹಳೀನೇ ಅಡ್ಡ ಹಾಕಿದ್ದೀಯ” ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಧನವೂ ಋಣವೂ ನಡುವೆ ಮೋಟಾರಿಲ್ಲದೆ ನೇರವಾಗಿ ಕೂಡಿದ್ದವು. ಇದನ್ನೇ ಶಾರ್ಟ್ ಸರ್ಕ್ಯೂಟ್ ಎನ್ನುವುದು. “ಮತ್ತೇನು ಮಾಡೋದಪ್ಪಾ?” ಎಂದೆ. “ಜಾಯಿಂಟ್ ಹಾಕು. ಕಬ್ಬಿಣದ್ದಲ್ಲ, ಕರೆಂಟು ದಾಟ್ದೇ ಇರೋ ಜಾಯಿಂಟು” ಎಂದರು. ಯಾವ ಪರಿಹಾರವನ್ನು ಪುಸ್ತಕಗಳು ನಾಲ್ಕು ಪುಟಗಳಲ್ಲಿ ವಿವರಿಸುತ್ತವೆಯೋ ಅದು ಇಷ್ಟೇ.

ಕಾಗದದ ಮೇಲಿನ ಕೆಲಸ

ಮೊಳೆಗಳನ್ನೆಲ್ಲ ಕಿತ್ತು ನಾವು ಮೊದಲಿನಿಂದ ಆರಂಭಿಸಿದೆವು. ಈ ಸಲ ಆರಂಭಿಸಿದ್ದು ಕಾಗದದ ಮೇಲೆ. ತಂತಿಯ ನಕ್ಷೆ ಸಿದ್ಧವಾಗುವ ತನಕ ಒಂದು ಮೊಳೆಯನ್ನೂ ಹೊಡೆಯತಕ್ಕದ್ದಲ್ಲ ಎಂಬುದು ನಾನು ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು.

ದೊಡ್ಡ ಹಾಳೆಯ ಮೇಲೆ ಹಳಿಯ ನಕ್ಷೆಯನ್ನು ಬರೆಯಬೇಕು. ಸಾಮಾನ್ಯವಾಗಿ ಒಂದು ದಾರಿಗೆ ಒಂದು ಗೆರೆ ಎಳೆಯುತ್ತಾರೆ. ಹಾಗೆ ಮಾಡಿದರೆ ತಪ್ಪು ಕಾಣುವುದಿಲ್ಲ. ಪ್ರತಿ ದಾರಿಗೂ ಎರಡು ಗೆರೆ ಬೇಕು, ಬಣ್ಣವೂ ಬೇರೆ ಇರಬೇಕು. ಸುತ್ತಿನ ಹೊರಹಳಿಗೆ ನೀಲಿ, ಒಳಹಳಿಗೆ ಕೆಂಪು ಎಂದಿಟ್ಟುಕೊಳ್ಳೋಣ. ಒಂದು ಕಡೆಯಿಂದ ಹೊರಟು, ಪೆನ್ಸಿಲನ್ನು ಎತ್ತದೆ, ಪ್ರತಿಯೊಂದು ಕವಲಿನಲ್ಲೂ ಹಳಿ ಯಾವುದಕ್ಕೆ ಸೇರುತ್ತದೆಂದು ನೋಡುತ್ತ ಬಣ್ಣ ತುಂಬುತ್ತ ಹೋಗಬೇಕು. ಎಲ್ಲಿ ಕೆಂಪು ನೀಲಿಗೆ ಮುಖಾಮುಖಿಯಾಗುತ್ತದೆಯೋ ಅಲ್ಲಿ ಹಳಿಯನ್ನು ಕತ್ತರಿಸಿ, ಪ್ಲಾಸ್ಟಿಕ್ಕಿನ ಜಾಯಿಂಟನ್ನು ಹಾಕತಕ್ಕದ್ದು. ತಂದೆಯವರ ಬೆರಳು ಮಾಡಿದ ಕೆಲಸವನ್ನೇ ಇಲ್ಲಿ ಪೆನ್ಸಿಲು ಮಾಡುತ್ತದೆ. ಅಂಡಾಕಾರದ ಸುತ್ತು, ಲೂಪು, ಸೈಡಿಂಗು ಇವುಗಳಲ್ಲಿ ದಾರಿಯ ಮಟ್ಟಿಗೆ ಇಂಥ ಘರ್ಷಣೆ ಇರುವುದಿಲ್ಲ. ರೈಲಿನ ಮುಖ ತಿರುಗಿಸುವ ರಚನೆಗಳಲ್ಲೆಲ್ಲ ಇದ್ದೇ ಇರುತ್ತದೆ. ಅವು ಮೂರು ಬಗೆ: ಕುಣಿಕೆಯಂತೆ ಸುತ್ತಿ ಬಂದು ತನ್ನನ್ನೇ ಸೇರುವ ದಾರಿ, ಮೂರು ಕವಲಿನ ತ್ರಿಕೋನ, ನಮ್ಮದರಂಥ ಓರೆದಾರಿ.

ಓರೆದಾರಿಯ ಉಪಾಯ

ಹಳಿಯನ್ನು ಕತ್ತರಿಸಿದೊಡನೆ ಶಾರ್ಟ್ ತಪ್ಪಿತು. ಆದರೆ ಕತ್ತರಿಸಿದ ತುಂಡಿಗೆ ವಿದ್ಯುತ್ತು ಎಲ್ಲಿಂದ ಬರಬೇಕು? ಓರೆದಾರಿಯ ಎರಡು ತುದಿಗಳಲ್ಲೂ ಎರಡು ಹಳಿಗಳನ್ನೂ ಕತ್ತರಿಸಬೇಕು, ಒಟ್ಟು ನಾಲ್ಕು ಕಡೆ. ಆಗ ಅದು ನಡುಗಡ್ಡೆಯಂತೆ ಪ್ರತ್ಯೇಕವಾಗುತ್ತದೆ. ಅದಕ್ಕೆ ತನ್ನದೇ ಆದ ಎರಡು ತಂತಿಗಳು, ತನ್ನದೇ ಆದ ದಿಕ್ಕು ಬದಲಿಸುವ ಸ್ವಿಚ್ಚು ಬೇಕು. ಅಂಗಡಿಯಲ್ಲಿ ಇದನ್ನು ‘ಡಿ.ಪಿ.ಡಿ.ಟಿ.’ ಎಂದು ಕೇಳಿದರೆ ಕೊಡುತ್ತಾರೆ. ಇದಕ್ಕೆ ಆರು ಕಾಲುಗಳು, ಎರಡೆರಡರಂತೆ ಮೂರು ಸಾಲು. ನಡುವಿನ ಸಾಲಿನಿಂದ ಹಳಿಗೆ ತಂತಿ. ಒಂದು ತುದಿಯ ಸಾಲಿಗೆ ಪವರ್ ಪ್ಯಾಕಿನ ತಂತಿ. ಆ ಸಾಲಿನಿಂದ ಇನ್ನೊಂದು ತುದಿಯ ಸಾಲಿಗೆ ಎರಡು ತುಂಡು ತಂತಿಗಳನ್ನು ಒಂದನ್ನೊಂದು ದಾಟುವಂತೆ ಓರೆಯಾಗಿ ಬೆಸೆಯಬೇಕು. ಸ್ವಿಚ್ಚಿನ ಕಡ್ಡಿಯನ್ನು ಅತ್ತ ತಳ್ಳಿದರೆ ಧನ ಎಡಕ್ಕೆ, ಇತ್ತ ತಳ್ಳಿದರೆ ಬಲಕ್ಕೆ.

ಮುಖ್ಯ ಸುತ್ತಿಗೂ ಇಂಥದೇ ಇನ್ನೊಂದು ಸ್ವಿಚ್ಚನ್ನು ಹಾಕಿ, ಪವರ್ ಪ್ಯಾಕಿನ ಮೇಲಿರುವ ದಿಕ್ಕಿನ ಗುಂಡಿಯನ್ನು ಮುಟ್ಟದೆ ಬಿಡಬೇಕು. ರೈಲು ಓರೆದಾರಿಗೆ ಬರುವಾಗ ಎರಡು ಸ್ವಿಚ್ಚುಗಳೂ ಹೊಂದಿಕೊಂಡಿರಬೇಕು. ರೈಲು ಪೂರ್ತಿಯಾಗಿ ಒಳಗೆ ಬಂದ ಮೇಲೆ ಮುಖ್ಯ ಸುತ್ತಿನ ಸ್ವಿಚ್ಚನ್ನು ತಿರುಗಿಸುವುದು. ಓರೆದಾರಿಯ ಸ್ವಿಚ್ಚು ಹಾಗೆಯೇ ಇರುವುದರಿಂದ ರೈಲಿಗೆ ಇದರ ಅರಿವೇ ಆಗದು. ಮುಂದಿನ ತುದಿಯಲ್ಲಿ ಈಗ ಕೆಂಪಿಗೆ ಕೆಂಪು, ನೀಲಿಗೆ ನೀಲಿ. ರೈಲು ಸುಗಮವಾಗಿ ಸುತ್ತನ್ನು ಸೇರಿ ಎದುರು ದಿಕ್ಕಿಗೆ ಸಾಗುತ್ತದೆ.

ಇಲ್ಲಿ ಒಂದು ಅಳತೆಯನ್ನು ಮರೆಯಬಾರದು. ಪ್ರತ್ಯೇಕಿಸಿದ ತುಂಡು ರೈಲಿಗಿಂತ ಉದ್ದವಾಗಿರಬೇಕು. ಬಾಲವು ಒಂದು ಕತ್ತರಿಯ ಮೇಲಿದ್ದು, ತಲೆಯು ಇನ್ನೊಂದರ ಮೇಲೆ ಬಂದರೆ ಲೋಹದ ಚಕ್ರಗಳೇ ಸೇತುವೆಯಾಗಿ ಮತ್ತೆ ಶಾರ್ಟ್ ಆಗುವ ಸಂಭವವಿದೆ. ನಮ್ಮ ಎಂಜಿನ್ನು, ಮೂರು ಡಬ್ಬಿ ಸೇರಿ ಮೂರಡಿಗೆ ಸ್ವಲ್ಪ ಮೇಲೆ. ನಾವು ನಾಲ್ಕಡಿಯ ತುಂಡನ್ನು ಬಿಟ್ಟೆವು. ನಾಲ್ಕನೆಯ ಡಬ್ಬಿಯನ್ನೇಕೆ ಜೋಡಿಸಲಿಲ್ಲವೆಂದು ಪ್ರದರ್ಶನದಲ್ಲಿ ಕೇಳಿದ ಬಾಲಕನಿಗೆ ಇದೇ ಉತ್ತರ.

ವಿಭಾಗಗಳು

ಒಂದು ರೈಲು ನಿಲ್ದಾಣದಲ್ಲಿ ನಿಂತಿರುವಾಗ ಇನ್ನೊಂದು ಓಡಬೇಕಾದರೆ ಹಳಿಯನ್ನು ವಿಭಾಗಗಳಾಗಿ ಹಂಚಬೇಕು. ಹಾಗೆ ಹಂಚದಿದ್ದರೆ ಹಳಿಗೆ ವಿದ್ಯುತ್ತು ಬಂದೊಡನೆ ಎರಡೂ ಒಟ್ಟಿಗೆ ಹೊರಡುತ್ತವೆ. ಎಷ್ಟು ವಿಭಾಗಗಳು ಬೇಕೆಂಬುದನ್ನು ತಂತಿ ನಿರ್ಧರಿಸುವುದಿಲ್ಲ. ರೈಲುಗಳನ್ನು ಹೇಗೆ ಓಡಿಸಬೇಕೆಂಬ ನಮ್ಮ ಇಚ್ಛೆ ನಿರ್ಧರಿಸುತ್ತದೆ. ಆದುದರಿಂದ ನಕ್ಷೆಯ ಮೇಲೆ ಎರಡು ಗುಂಡಿಗಳನ್ನು ರೈಲುಗಳೆಂದು ಇಟ್ಟು ಸರಿಸಿ ನೋಡುವುದು ಒಳ್ಳೆಯದು. ಎಲ್ಲೆಲ್ಲಿ ಒಂದು ಗುಂಡಿ ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕೋ ಅಲ್ಲೆಲ್ಲ ಒಂದು ವಿಭಾಗ. ನಮಗೆ ಐದು ಸಾಕಾದವು: ನಿಲ್ದಾಣದ ಮುಖ್ಯ ದಾರಿ, ಲೂಪು, ಸೈಡಿಂಗು, ಸುತ್ತಿನ ಹಿಂಬದಿ, ಓರೆದಾರಿ.

ಓರೆದಾರಿಯನ್ನು ಬಿಟ್ಟು ಉಳಿದ ವಿಭಾಗಗಳಲ್ಲಿ ಎರಡು ಹಳಿಗಳನ್ನೂ ಕತ್ತರಿಸಬೇಕಾಗಿಲ್ಲ. ಹೊರಹಳಿಯನ್ನು ಅಖಂಡವಾಗಿ ಬಿಟ್ಟು ಒಳಹಳಿಯನ್ನು ಮಾತ್ರ ಕತ್ತರಿಸಿ, ಪ್ರತಿ ತುಂಡಿಗೂ ಒಂದೊಂದು ಸ್ವಿಚ್ಚು ಕೊಟ್ಟರಾಯಿತು. ಹೋಗುವ ದಾರಿಗಳು ಹಲವು, ಹಿಂತಿರುಗುವ ದಾರಿ ಒಂದೇ. ಇದರಿಂದ ತಂತಿ, ಸ್ವಿಚ್ಚು ಎರಡರ ಖರ್ಚೂ ಅರ್ಧದಷ್ಟು ಉಳಿಯುತ್ತದೆ. ಆದರೆ ಎರಡು ಕಂಟ್ರೋಲರುಗಳನ್ನು ಬಳಸುವವರು ಅವೆರಡಕ್ಕೂ ಪ್ರತ್ಯೇಕ ಟ್ರಾನ್ಸ್‌ಫಾರ್ಮರು, ಇಲ್ಲವೇ ಒಂದೇ ಟ್ರಾನ್ಸ್‌ಫಾರ್ಮರಿನ ಪ್ರತ್ಯೇಕ ಸುರುಳಿಗಳು ಇರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಈ ಒಂದೇ ಹಿಂದಾರಿಯ ಮೂಲಕ ಒಂದರ ವಿದ್ಯುತ್ತು ಇನ್ನೊಂದಕ್ಕೆ ನುಗ್ಗುತ್ತದೆ.

ಪಾಯಿಂಟಿನ ತೊಡಕು

ದಾರಿ ಕವಲೊಡೆಯುವ ಜಾಗವೇ ಪಾಯಿಂಟು. ಅದರ ನಡುವೆ ಎರಡು ಹಳಿಗಳು ಕೂಡಿ ಮೂಗಿನಂತೆ ಚೂಪಾಗುವ ಭಾಗಕ್ಕೆ ರೈಲ್ವೆಯವರು ಕ್ರಾಸಿಂಗ್ ಎನ್ನುತ್ತಾರೆ. ರೈಲು ನೇರವಾಗಿ ಹೋಗುವಾಗ ಈ ಮೂಗು ಒಂದು ಬಣ್ಣದ ಹಳಿ, ಕವಲಿಗೆ ತಿರುಗುವಾಗ ಇನ್ನೊಂದು ಬಣ್ಣದ ಹಳಿ. ಒಂದೇ ಲೋಹದ ತುಂಡು ಒಮ್ಮೆ ಧನವೂ ಒಮ್ಮೆ ಋಣವೂ ಆಗಬೇಕು. ಕೆಲವು ಪಾಯಿಂಟುಗಳಲ್ಲಿ ಈ ಮೂಗನ್ನು ಪ್ಲಾಸ್ಟಿಕ್ಕಿನಿಂದ ಮಾಡಿ ತೊಡಕನ್ನೇ ಕಳೆದಿರುತ್ತಾರೆ. ಅಲ್ಲಿ ತಂತಿಯ ಕೆಲಸ ಸುಲಭ. ಆದರೆ ಚಿಕ್ಕ ಎಂಜಿನ್ನು ಮೆಲ್ಲನೆ ಹೋಗುವಾಗ ಆ ಜಾಗದಲ್ಲಿ ವಿದ್ಯುತ್ತು ಸಿಗದೆ ನಿಂತುಬಿಡುತ್ತದೆ. ಮೂಗು ಲೋಹದ್ದಾದ ಪಾಯಿಂಟಿನಲ್ಲಿ ಎಂಜಿನ್ನು ನಿಲ್ಲುವುದಿಲ್ಲ, ತಂತಿಯ ಎಚ್ಚರ ಮಾತ್ರ ಹೆಚ್ಚು ಬೇಕು. ನಮಗೆ ಸಿಕ್ಕಿದ್ದು ಎರಡನೆಯ ಬಗೆಯವು.

ಇವುಗಳಿಗೆ ಎರಡು ನಿಯಮಗಳು. ಮೊದಲನೆಯದು, ವಿದ್ಯುತ್ತನ್ನು ಯಾವಾಗಲೂ ಪಾಯಿಂಟಿನ ಒಂಟಿದಾರಿಯ ಕಡೆಯಿಂದ ಕೊಡಬೇಕು, ಕವಲುಗಳ ಕಡೆಯಿಂದಲ್ಲ. ಎರಡನೆಯದು, ಮೂಗಿನಿಂದ ಮುಂದಕ್ಕೆ ಹೊರಡುವ ಎರಡು ಹಳಿಗಳಿಗೂ, ಆಚೆ ಕಡೆ ಬೇರೆ ವಿದ್ಯುತ್ತು ಇರುವುದಾದರೆ, ಪ್ಲಾಸ್ಟಿಕ್ ಜಾಯಿಂಟನ್ನು ಹಾಕಬೇಕು. ಲೂಪ್ ಲೈನಿನಲ್ಲಿ ಎರಡು ಪಾಯಿಂಟುಗಳು ಕವಲಿನ ಕಡೆಯಿಂದ ಒಂದನ್ನೊಂದು ನೋಡುತ್ತಿರುತ್ತವೆ. ಒಂದನ್ನು ಲೂಪಿಗೂ ಇನ್ನೊಂದನ್ನು ಮುಖ್ಯ ದಾರಿಗೂ ತಿರುಗಿಸಿದ ಕ್ಷಣವೇ ಒಂದರ ಮೂಗು ಕೆಂಪು, ಇನ್ನೊಂದರ ಮೂಗು ನೀಲಿ. ನಡುವೆ ತಡೆಯಿಲ್ಲದಿದ್ದರೆ ಶಾರ್ಟ್. ಬಣ್ಣದ ನಕ್ಷೆಯಲ್ಲಿ ದಾರಿ ನಿರ್ದೋಷಿಯಾಗಿ ಕಂಡರೂ ಪಾಯಿಂಟು ಈ ತೊಡಕನ್ನು ತರುತ್ತದೆಂಬುದನ್ನು ಗಮನಿಸಬೇಕು.

ತಂತಿಯ ದಪ್ಪ

ಎರಡನೆಯ ಸಲ ರೈಲು ಓಡಿತು. ಆದರೆ ಹಿಂಬದಿಗೆ ಹೋದೊಡನೆ ಮುದುಕನಂತೆ ನಡೆಯತೊಡಗಿತು. ಕಾರಣ, ತಂತಿಯನ್ನು ಒಂದೇ ಕಡೆ ಕೊಟ್ಟು ಉಳಿದುದನ್ನು ಹಳಿಯ ಜಾಯಿಂಟುಗಳಿಗೆ ಬಿಟ್ಟಿದ್ದೆವು. ಎರಡು ಹಳಿಗಳನ್ನು ಕೂಡಿಸುವ ತಗಡು ಸಡಿಲವಾದರೆ, ತುಕ್ಕು ಹಿಡಿದರೆ, ಅಂಟು ಸೇರಿದರೆ ವಿದ್ಯುತ್ತಿಗೆ ತಡೆಯಾಗುತ್ತದೆ. ಓಮನ ನಿಯಮದಂತೆ ನಷ್ಟವಾಗುವ ವೋಲ್ಟು ಪ್ರವಾಹ ಮತ್ತು ತಡೆಗಳ ಗುಣಲಬ್ಧ. ಎಂಜಿನ್ನು ಅರ್ಧ ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ದಾರಿಯ ಜಾಯಿಂಟುಗಳ ತಡೆ ಎಲ್ಲ ಸೇರಿ ೬ ಓಮ್ ಆದರೆ ೩ ವೋಲ್ಟು ಹೋಯಿತು. ೧೨ರಲ್ಲಿ ಉಳಿದದ್ದು ೯.

ಇದಕ್ಕೆ ಪರಿಹಾರ ಊರಿನ ನೀರಿನ ವ್ಯವಸ್ಥೆಯಂತೆಯೇ. ಹಲಗೆಯ ಕೆಳಗೆ ಉದ್ದಕ್ಕೂ ಎರಡು ದಪ್ಪ ತಂತಿಗಳನ್ನು ದೊಡ್ಡ ಕೊಳವೆಯಂತೆ ಎಳೆದು, ಅಲ್ಲಿಂದ ಮೂರಡಿಗೊಂದರಂತೆ ಸಣ್ಣ ತಂತಿಗಳನ್ನು ಮೇಲಕ್ಕೆ ಹಳಿಗೆ ಬೆಸೆಯಬೇಕು. ಸ್ವಿಚ್ಚಿರುವ ವಿಭಾಗಕ್ಕೆ ಆ ಸ್ವಿಚ್ಚಿನಿಂದ ಹೊರಟ ತಂತಿಯೇ ದೊಡ್ಡ ಕೊಳವೆ. ಮನೆಗೆ ಬಳಸುವ ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿ ಇದಕ್ಕೆ ಸಾಕಷ್ಟಾಯಿತು. ಅದರ ತಡೆ ಮೀಟರಿಗೆ ಓಮಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೆ. ಕೂದಲಿನಂಥ ಏಳೆಳೆಗಳ, ಸುಮಾರು ೦.೨ ಚದರ ಮಿಲಿಮೀಟರಿನ ಸಣ್ಣ ತಂತಿಯಲ್ಲಿ ಹೋಗಲು ಮೂರು ಮೀಟರು, ಬರಲು ಮೂರು ಮೀಟರು ಎಂದು ಲೆಕ್ಕ ಹಾಕಿದರೆ ತಡೆ ಸುಮಾರು ಅರ್ಧ ಓಮ್. ಎಂಜಿನ್ನಿಗೆ ಇದರಿಂದ ನಷ್ಟ ಕಾಲು ವೋಲ್ಟು ಮಾತ್ರ. ಪಾಯಿಂಟುಗಳನ್ನು ವಿದ್ಯುತ್ತಿನಿಂದಲೇ ತಿರುಗಿಸುವವರು ಮಾತ್ರ ಎಚ್ಚರಿಕೆಯಿಂದಿರಬೇಕು. ಪಾಯಿಂಟನ್ನು ಫಟ್ಟನೆ ಎಳೆಯುವ ಸುರುಳಿಯು ಆ ಒಂದು ಕ್ಷಣಕ್ಕೆ ನಾಲ್ಕು ಆಂಪಿಯರ್ ಕೇಳಬಹುದು. ಆಗ ಅದೇ ಸಣ್ಣ ತಂತಿಯಲ್ಲಿ ೨ ವೋಲ್ಟು ಕಳೆದುಹೋಗುತ್ತದೆ. ದಪ್ಪ ತಂತಿಯಲ್ಲಾದರೆ ೦.೩ ವೋಲ್ಟೂ ಇಲ್ಲ. ನಾವು ಹಣದ ಅಭಾವದಿಂದ ಐದು ಪಾಯಿಂಟುಗಳನ್ನೂ ಕೈಯಿಂದಲೇ ತಿರುಗಿಸಿದೆವು.

ಹಲಗೆಯ ಕೆಳಗಿನ ಶಿಸ್ತು

ಸುಟ್ಟ ಪೆಟ್ಟಿಗೆಯ ಬದಲು ಭೌತಶಾಸ್ತ್ರದ ಅಧ್ಯಾಪಕರು ಪ್ರಯೋಗಶಾಲೆಯ ಡಿ.ಸಿ. ಪೆಟ್ಟಿಗೆಯನ್ನು ಕೊಟ್ಟರು. ಪರೀಕ್ಷೆಯ ಶುಲ್ಕಕ್ಕೆ ನಾನು ವೈರ್‌ಮನ್ ಒಬ್ಬರೊಡನೆ ಹೋಗಿ ಮದುವೆಮನೆಗಳಲ್ಲಿ ಸೀರಿಯಲ್ ದೀಪಗಳನ್ನು ಕಟ್ಟಿದೆ. ಆರು ಮದುವೆಗಳಾದ ಮೇಲೆ ಶುಲ್ಕವನ್ನು ದಂಡಸಹಿತ ಕಟ್ಟಿದೆ. ಕಾಲೇಜಿನಲ್ಲಿ ಕಲಿಯದ ಶಿಸ್ತನ್ನು ಅಲ್ಲಿ ಕಲಿತೆ. ಆ ವೈರ್‌ಮನ್ ಎಷ್ಟೇ ಅವಸರವಿದ್ದರೂ ತಂತಿಯ ಎರಡು ತುದಿಗೂ ಚೀಟಿ ಅಂಟಿಸದೆ ಮುಂದಿನದನ್ನು ಮುಟ್ಟುತ್ತಿರಲಿಲ್ಲ. ನಾವೂ ಹಾಗೆಯೇ ಮಾಡಿದೆವು. ಒಳಹಳಿಗೆ ಕೆಂಪು ತಂತಿ, ಹೊರಹಳಿಗೆ ನೀಲಿ, ಓರೆದಾರಿಗೆ ಹಳದಿ ಮತ್ತು ಹಸಿರು. ಪ್ರತಿ ತಂತಿಗೂ ಅಂಕೆ. ಅದೇ ಅಂಕೆ ನೋಟುಪುಸ್ತಕದಲ್ಲಿ, ಎಲ್ಲಿಂದ ಎಲ್ಲಿಗೆ ಎಂಬ ವಿವರದೊಡನೆ. ಒಟ್ಟು ೩೮ ತಂತಿಗಳಾದವು.

ಎಲ್ಲವನ್ನೂ ಕಟ್ಟಿ ಕೊನೆಗೆ ಪರೀಕ್ಷಿಸಬಾರದು. ಒಂದು ತಂತಿ ಕಟ್ಟಿದೊಡನೆ ಮೀಟರಿನಿಂದ ಎರಡು ಹಳಿಗಳ ನಡುವೆ ಸಂಬಂಧವಿಲ್ಲವೆಂದು ಖಚಿತಮಾಡಿಕೊಂಡು, ಆಮೇಲೆ ಮುಂದಿನದು. ಆಗ ತಪ್ಪು ಬಂದರೆ ಅದು ಈಗ ಕಟ್ಟಿದ ತಂತಿಯಲ್ಲೇ ಇರುತ್ತದೆ. ಎಲ್ಲ ಮುಗಿದ ಮೇಲೆ ನಾಣ್ಯ ಪರೀಕ್ಷೆ: ಹಳಿಯ ಉದ್ದಕ್ಕೂ ಅಲ್ಲಲ್ಲಿ ಒಂದು ರೂಪಾಯಿಯ ನಾಣ್ಯವನ್ನು ಎರಡು ಹಳಿಗೂ ತಾಗುವಂತೆ ಕ್ಷಣಕಾಲ ಇಟ್ಟು, ಪೆಟ್ಟಿಗೆಯ ರಕ್ಷಕವು ಕೂಡಲೇ ವಿದ್ಯುತ್ತನ್ನು ಕಡಿಯುತ್ತದೆಯೇ ಎಂದು ನೋಡುವುದು. ಕಡಿಯದಿದ್ದರೆ ಅಲ್ಲಿ ತಂತಿಯ ತಡೆ ಹೆಚ್ಚೆಂದು ಅರ್ಥ. ನಿಜವಾದ ಶಾರ್ಟ್ ಆದಾಗ ಅಲ್ಲಿ ತಂತಿ ಸದ್ದಿಲ್ಲದೆ ಕಾಯುತ್ತಿರುತ್ತದೆ. ೨೩೦ ವೋಲ್ಟಿನ ಕಡೆಯನ್ನು ಮಾತ್ರ ವಿದ್ಯಾರ್ಥಿಗಳು ಎಂದಿಗೂ ಬಿಚ್ಚತಕ್ಕದ್ದಲ್ಲ. ಪೆಟ್ಟಿಗೆಯ ಆಚೆಗಿನ ೧೨ ವೋಲ್ಟಷ್ಟೇ ನಮ್ಮ ಸೀಮೆ.

ಹೊಸ ಪದ್ಧತಿ, ಹಳೆಯ ಪಾಠ

ಇಷ್ಟೆಲ್ಲ ಕಷ್ಟವೇಕೆ, ಈಗ ಡಿಜಿಟಲ್ ಪದ್ಧತಿ ಬಂದಿದೆಯಲ್ಲ ಎನ್ನಬಹುದು. ನಿಜ. ಜರ್ಮನಿಯ ಲೆನ್ಜ್ ಸಂಸ್ಥೆಯ ವಿನ್ಯಾಸದ ಆಧಾರದ ಮೇಲೆ, ಅಮೆರಿಕದಲ್ಲಿ ೧೯೩೫ರಲ್ಲಿ ಸ್ಥಾಪಿತವಾದ ಮಾದರಿ ರೈಲುಗಾರರ ಸಂಘವು ೧೯೯೦ರ ದಶಕದಲ್ಲಿ ‘ಡಿ.ಸಿ.ಸಿ.’ ಎಂಬ ಪದ್ಧತಿಗೆ ಮಾನಕಗಳನ್ನು ಗೊತ್ತುಮಾಡಿತು. ಅದರಲ್ಲಿ ಹಳಿಗೆ ಸದಾ ಪೂರ್ಣ ವಿದ್ಯುತ್ತು ಇರುತ್ತದೆ. ಪ್ರತಿ ಎಂಜಿನ್ನಿನಲ್ಲೂ ಒಂದು ಪುಟ್ಟ ಡಿಕೋಡರು, ಅದಕ್ಕೊಂದು ಸಂಖ್ಯೆ. ಹಳಿಯ ಮೂಲಕವೇ ಬರುವ ಆಜ್ಞೆಗಳಲ್ಲಿ ತನ್ನ ಸಂಖ್ಯೆಯದನ್ನು ಮಾತ್ರ ಅದು ಪಾಲಿಸುತ್ತದೆ. ರೈಲು ನಿಲ್ಲಿಸುವುದಕ್ಕೆಂದೇ ವಿಭಾಗಗಳು ಬೇಕಾಗುವುದಿಲ್ಲ. ಆದರೆ ಕೆಂಪು ಹಳಿ ನೀಲಿ ಹಳಿಗೆ ಸೇರಿದರೆ ಅಲ್ಲೂ ಶಾರ್ಟೇ. ಓರೆದಾರಿಗೆ ಅಲ್ಲೂ ನಾಲ್ಕು ಕತ್ತರಿಗಳು ಬೇಕೇ ಬೇಕು. ಒಂದು ಕಡೆಯ ತಪ್ಪಿಗೆ ಎಲ್ಲ ರೈಲುಗಳೂ ಒಟ್ಟಿಗೆ ನಿಲ್ಲುವುದರಿಂದ ದೊಡ್ಡ ರಚನೆಗಳಲ್ಲಿ ಅಲ್ಲೂ ಹಳಿಯನ್ನು ಹಂಚುತ್ತಾರೆ. ಪೆಟ್ಟಿಗೆ ಬದಲಾದರೂ ಕಾಗದದ ಮೇಲಿನ ಕೆಲಸ ಬದಲಾಗಲಿಲ್ಲ.

ಇದು ಮಕ್ಕಳಾಟವೆಂದು ಕಡೆಗಣಿಸುವವರಿಗೆ ಒಂದು ಸಂಗತಿಯನ್ನು ಹೇಳಬೇಕು. ಅಮೆರಿಕದ ಪ್ರಸಿದ್ಧ ತಾಂತ್ರಿಕ ವಿದ್ಯಾಲಯವಾದ ಎಂ.ಐ.ಟಿ.ಯಲ್ಲಿ ೧೯೪೬ರಲ್ಲಿ ವಿದ್ಯಾರ್ಥಿಗಳ ಒಂದು ಮಾದರಿ ರೈಲು ಸಂಘ ಹುಟ್ಟಿತು. ಅದರಲ್ಲಿ ಕೆಲವರಿಗೆ ಹಲಗೆಯ ಮೇಲಿನ ಬೆಟ್ಟಗುಡ್ಡಗಳಲ್ಲಿ ಆಸಕ್ತಿ. ಕೆಲವರಿಗೆ ಹಲಗೆಯ ಕೆಳಗೆ ಟೆಲಿಫೋನಿನ ಹಳೆಯ ರಿಲೇಗಳನ್ನು ಜೋಡಿಸಿ ರೈಲುಗಳನ್ನು ನಿಯಂತ್ರಿಸುವುದರಲ್ಲಿ. ಈ ಎರಡನೆಯ ಗುಂಪಿನ ಹಲವರು ೧೯೫೦ರ ದಶಕದ ಕೊನೆಯಲ್ಲಿ ವಿದ್ಯಾಲಯಕ್ಕೆ ಬಂದ ಗಣಕಯಂತ್ರಗಳತ್ತ ತಿರುಗಿ, ಅವುಗಳಿಗೆ ಪ್ರೋಗ್ರಾಮು ಬರೆದ ಮೊದಲಿಗರ ಸಾಲಿಗೆ ಸೇರಿದರು. ‘ಹ್ಯಾಕರ್’ ಎಂಬ ಮಾತು ಬಳಕೆಗೆ ಬಂದದ್ದರಲ್ಲೂ ಈ ಸಂಘದ ಪಾಲಿದೆ.

ಇನ್ನು ತಂದೆಯವರು ಹೇಳಿದ ಕೆಂಪು ಸಿಗ್ನಲ್ಲಿನ ವಿಷಯ. ೧೮೭೨ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಎಂಬಾತ ಕಂಡುಹಿಡಿದ ‘ಟ್ರ್ಯಾಕ್ ಸರ್ಕ್ಯೂಟ್’ ಎಂಬ ಉಪಾಯವಿದು. ಹಳಿಯ ಒಂದು ಭಾಗವನ್ನು ವಿದ್ಯುತ್ತು ದಾಟದ ಜಾಯಿಂಟುಗಳಿಂದ ಪ್ರತ್ಯೇಕಿಸಿ,

ಒಂದು ತುದಿಯಲ್ಲಿ ಕಡಿಮೆ ವೋಲ್ಟಿನ ವಿದ್ಯುತ್ತನ್ನು ಕೊಟ್ಟು, ಇನ್ನೊಂದು ತುದಿಯಲ್ಲಿ ರಿಲೇ ಇಡುತ್ತಾರೆ. ನಿಜವಾದ ರೈಲಿನ ಚಕ್ರಗಳೂ ಅಚ್ಚೂ ಒಂದೇ ಲೋಹ. ರೈಲು ಆ ಭಾಗಕ್ಕೆ ಬಂದೊಡನೆ ಎರಡು ಹಳಿಗಳೂ ಅಚ್ಚಿನ ಮೂಲಕ ಕೂಡುತ್ತವೆ, ರಿಲೇಗೆ ವಿದ್ಯುತ್ತು ತಲಪುವುದಿಲ್ಲ, ಸಿಗ್ನಲ್ಲು ಕೆಂಪಾಗುತ್ತದೆ. ತಂತಿ ಕಡಿದರೂ, ಬ್ಯಾಟರಿ ಬತ್ತಿದರೂ ಕೆಂಪೇ. ಯಾವ ಶಾರ್ಟ್ ನಮ್ಮ ಪೆಟ್ಟಿಗೆಯನ್ನು ಸುಟ್ಟಿತೋ ಅದೇ ಶಾರ್ಟ್ ಅಲ್ಲಿ ಸಾವಿರಾರು ಪ್ರಯಾಣಿಕರ ಪ್ರಾಣವನ್ನು ಕಾಯುತ್ತದೆ. ಗ್ಯಾಂಗಿನವರು ಕಬ್ಬಿಣದ ಉಪಕರಣವನ್ನು ಎರಡು ಹಳಿಗೂ ತಾಗುವಂತೆ ಇಡಬಾರದೆಂಬ ಕಟ್ಟುನಿಟ್ಟು ಈ ಕಾರಣದಿಂದ. ತಂದೆಯವರಿಗೆ ರಾಬಿನ್‌ಸನ್ನನ ಹೆಸರು ಗೊತ್ತಿಲ್ಲ. ಆದರೆ ಇಪ್ಪತ್ತಾರು ವರ್ಷಗಳಿಂದ ಅವನ ನಿಯಮವನ್ನು ಕೈಯಲ್ಲಿ ಹಾರೆ ಹಿಡಿದು ಪಾಲಿಸುತ್ತ ಬಂದಿದ್ದಾರೆ.

ಪ್ರದರ್ಶನದ ದಿನ ಅವರು ರಜೆ ಹಾಕಿ ಬಂದಿದ್ದರು. ರೈಲು ಎರಡು ಸಲ ಹಳಿ ತಪ್ಪಿತು. ಸೈಡಿಂಗಿನ ಪಾಯಿಂಟು ಮಧ್ಯಾಹ್ನದ ಮೇಲೆ ಕೈಕೊಟ್ಟಿತು. ಓರೆದಾರಿ ಮಾತ್ರ ಸಂಜೆಯವರೆಗೆ ಒಮ್ಮೆಯೂ ಕೈಬಿಡಲಿಲ್ಲ. ರೈಲು ಅಲ್ಲಿ ಮುಖ ತಿರುಗಿಸಿಕೊಂಡು ಬರುವುದು ಹೇಗೆಂದು ಪ್ರಾಂಶುಪಾಲರು ಕೇಳಿದಾಗ ನಾನು, “ಇವರು ನನ್ನ ತಂದೆ, ರೈಲ್ವೆಯಲ್ಲಿ ಗ್ಯಾಂಗ್‌ಮನ್. ಜಾಯಿಂಟಿನ ಉಪಾಯ ಇವರದು. ಇವರೇ ಹೇಳುತ್ತಾರೆ ಸರ್” ಎಂದೆ. ಅವರು ಮೊದಲು ಸಂಕೋಚಪಟ್ಟು, ಆಮೇಲೆ ಬೆರಳನ್ನು ಹಳಿಯ ಮೇಲಿಟ್ಟು ತೋರಿಸಿದರು.

ಹಲಗೆಯನ್ನು ಈಗ ಪ್ರಯೋಗಶಾಲೆಯ ಗೋಡೆಗೆ ಒರಗಿಸಿಟ್ಟಿದೆ. ಬಣ್ಣದ ನಕ್ಷೆಯೂ ೩೮ ತಂತಿಗಳ ವಿವರವಿರುವ ನೋಟುಪುಸ್ತಕವೂ ಅಲ್ಲಿಯ ಕಪಾಟಿನಲ್ಲಿವೆ. ನಾವು ಈ ವರ್ಷ ಕಾಲೇಜನ್ನು ಬಿಡುವವರು. ಮುಂದಿನ ವರ್ಷದವರು ಯಾರಾದರೂ ಅದನ್ನು ಕೈಗೆತ್ತಿಕೊಂಡರೆ ಮೊದಲು ೨೩ನೆಯ ತಂತಿಯನ್ನು ನೋಡಬೇಕೆಂದು ಕೋರುತ್ತೇನೆ. ಸೈಡಿಂಗಿನ ಪಾಯಿಂಟಿಗೆ ಹೋಗುವ ಆ ತಂತಿಯ ಬೆಸುಗೆ ಬಿಟ್ಟಿದೆ.